ಮೂರು ಕೂಗಿನ ಭಾಷಣ

ನನ್ನ ಮಗಳು ಶಾರದಾ ಹೊಳಿ ದಂಡಿ ಮ್ಯಾಲೆ ಸತ್ಳು. ಹ್ಯಾಂಗ ಸತ್ಳು ಅಂತ ನಾನು ಹೇಳಾಕ ಹೋದ್ರ ನಮ್ಮೂರಾಗ ಯಾರೂ ಕೇಳೂದಿಲ್ಲ. ಯಾಕಂದ್ರ ಅದನ್ನ ನನಗಿಂತ ಛಲೋ ಹೇಳಾಂವ ಒಬ್ಬ ಹೇಳಿ ಹೋಗ್ಯಾನ, ಅದೂ ಮೈಕಿನ್ಯಾಗ. ಹಡದಾಕಿ ಬಾಯಿಗೆ ಮೈಕು ಎಲ್ಲಿಂದ ಬರಬೇಕ್ರಿ?

ನೀವರ ಕೇಳ್ರಿ. ನನ್ನ ಹೆಸರು ಗುರುಶಾಂತವ್ವ. ಬಾಯಿ ಜೋರು ಅಂತ ಸುತ್ತ ಹಳ್ಳಿಗೆಲ್ಲ ಗೊತ್ತದಾಕಿ. ಬನವಾಸಿ ಸೀಮಿ, ವರದಾ ಹೊಳಿಯ ಆಚೆ ದಂಡಿಗೆ ನಮ್ಮೂರು. ಸಂತಿಗೆ, ಕಚೇರಿಗೆ, ದವಾಖಾನಿಗೆ, ಶಿರಸಿ ಮೋಟರಿಗೆ, ಎಲ್ಲಾದಕ್ಕೂ ಹೊಳಿ ದಾಟಬೇಕು. ಮುಂಬಯಿ ಸರಕಾರ ಇದ್ದಾಗೂ ಸೇತುವೆ ಇರಲಿಲ್ಲ, ಮೈಸೂರು ಸರಕಾರ ಬಂದ ಮ್ಯಾಲೂ ಇರಲಿಲ್ಲ. ಇದ್ದದ್ದು ಅಂಬಿಗರ ಜಟ್ಟಪ್ಪನ ದೋಣಿ ಒಂದು. ಅವರಪ್ಪನ ಕಾಲದಿಂದ ಹುಟ್ಟು ಹಾಕ್ಕೊಂತ ಬಂದಾಂವ. ಮಾತು ಕಮ್ಮಿ, ಬಾಯಾಗ ತಂಬಾಕ ಜಾಸ್ತಿ. ಊರ ಮಂದೀನ ವರ್ಷಪೂರ್ತಿ ದಾಟಿಸಿದ್ದಕ್ಕ ಸುಗ್ಗಿ ಮುಗಿದ ಮ್ಯಾಲೆ ಮನಿಮನಿಗೆ ಬಂದು ಒಂದಿಷ್ಟು ಭತ್ತ ಇಸಗೊಂಡು ಹೋಗತಿದ್ದ. ಅದಕ್ಕ ಆಯ ಅಂತೀವಿ.

ಶಾರದಾ ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಿದ್ಳು. ಆಷಾಢದಾಗ ಬ್ಯಾನಿ ಎದ್ದಾಗ ಕೂಸು ಅಡ್ಡ ಬಂತು. ಸೂಲಗಿತ್ತಿ ಕೈ ತೊಳಕೊಂಡು, "ಇದು ನನ್ನ ಕೈ ಮೀರಿದ್ದು, ಶಿರಸಿ ದವಾಖಾನಿಗೆ ಒಯ್ಯರಿ" ಅಂದ್ಳು. ಹೊರಸಿನ ಮ್ಯಾಲೆ ಮಲಗಿಸಿ, ಕಂಬಳಿ ಮುಚ್ಚಿ, ಹೊಳಿಗೆ ಒಯ್ದ್ವಿ. ಜಟ್ಟಪ್ಪ ಎದಿಮಟ ನೀರಾಗ ದೋಣಿ ಹಿಡಕೊಂಡು ನಿಂತಿದ್ದ. ನಾವು ಹೋಗೂಕಿಂತ ಮೊದಲ ನಿಂತಿದ್ದ. ಯಾರೋ ಓಡಿ ಹೋಗಿ ಹೇಳಿದ್ರು, ಉಣ್ಣೂದು ಬಿಟ್ಟು ಎದ್ದು ಬಂದಿದ್ದ. ಇದನ್ನ ನೆನಪಿಟ್ಟು ಕೇಳ್ರಿ, ಯಾಕಂದ್ರ ನನ್ನ ಬಿಟ್ರ ಇದನ್ನ ನೆನಪಿಟ್ಟಾವ್ರು ಈಗ ಯಾರೂ ಇಲ್ಲ.

ತುಂಬಿದ ಬಸುರಿ ತುಂಬಿದ ಹೊಳಿ ದಾಟಬಾರದು. ದಾಟೂದ ಆದ್ರ ಮೊದಲು ಐದು ಮಂದಿ ಮುತ್ತೈದೇರು ಹೊಳಿ ಗಂಗವ್ವಗ ಉಡಿ ತುಂಬಬೇಕು. ಇದು ನಮ್ಮ ಪದ್ಧತಿ. ಕುಬಸದ ಖಣ, ಅಕ್ಕಿ, ಕಾಯಿ, ಬಳಿ, ಎಲ್ಲಾ ಬಂತು. ನಾಕು ಮಂದಿ ಸಿಕ್ರು, ಐದನೇದಾಕಿ ಸಿಗಲಿಲ್ಲ. ಒಬ್ಬಾಕಿ ಮುಟ್ಟಾಗಿದ್ಳು, ಒಬ್ಬಾಕಿ ಗದ್ದಿಗೆ ಭತ್ತದ ನಟ್ಟಿಗೆ ಹೋಗಿದ್ಳು, ಒಬ್ಬಾಕಿ ಊರಾಗ ಇರಲಿಲ್ಲ. "ನಾನೂ ಮುತ್ತೈದಿ ಅದೀನಿ, ನಾ ತುಂಬತೀನಿ" ಅಂತ ಹೊಯ್ಕೊಂಡೆ. ಹಡದಾಕಿ ತುಂಬಬಾರದಂತ! ಯಾರು ಅಂದದ್ದು? ನಮ್ಮ ಮನ್ಯಾವ್ರು. ಗಂಡನ ಹೆಸರು ಹೇಳಬಾರದು ಅಂತಾರ. ಹೇಳತೀನಿ, ಏನಾಗತೈತಿ? ವೀರಪ್ಪ. "ಹೊಳಿ ಮುನಿದ್ರ ತಾಯಿನೂ ಇಲ್ಲ, ಕೂಸೂ ಇಲ್ಲ, ಸುಮ್ಮನಿರು" ಅಂದ ವೀರಪ್ಪ. ಗದ್ದಿಗೆ ಆಳು ಕಳಿಸಿ ಆ ನಟ್ಟಿಗೆ ಹೋದಾಕೀನ ಕರೆಸಿದ್ರು. ಆಕಿ ಕೆಸರು ತೊಳಕೊಂಡು, ಮಡಿ ಸೀರಿ ಉಟಗೊಂಡು ಬಂದ್ಳು. ಅಷ್ಟರಾಗ ನೀರು ಏರಿ ಏರಿ ಜಟ್ಟಪ್ಪನ ಕುತ್ತಿಗಿಗೆ ಬಂದಿತ್ತು. "ಯಪ್ಪಾ, ನಿಮ್ಮ ಕಾಲಿಗೆ ಬೀಳತೀನಿ, ಲಗೂ ಮಾಡ್ರಿ, ಇನ್ನ ಹುಟ್ಟು ನಿಲ್ಲೂದಿಲ್ಲ" ಅಂತ ಒದರಾಕತ್ತಿದ್ದ. ಐದನೇದಾಕಿ ಕುಂಕುಮ ಹಚ್ಚಿ ಕೈ ಮುಗಿಯೂದರಾಗ ನನ್ನ ಶಾರದಾ ಕಣ್ಣು ಮ್ಯಾಲೆ ಮಾಡಿದ್ಳು. ಕೂಸು ಹೊಟ್ಟಿಯಾಗ ಹೋತು.

ಆವತ್ತಿನಿಂದ ನಮ್ಮ ಮನ್ಯಾವ್ರಿಗೆ ನಿದ್ದಿ ಹತ್ತಲಿಲ್ಲ. ಗಂಗಾಳದ ಮುಂದ ಕುಂತು ರೊಟ್ಟಿ ಮುರಿಯೂದು, ಹಂಗ ಬಿಟ್ಟು ಏಳೂದು. ನಾನೂ ಬಿಡಲಿಲ್ಲ. "ಐದನೇದಾಕಿ ಸಿಕ್ಳೇನು?" ಅಂತ ಪಲ್ಲೆ ನೀಡುವಾಗ ಕೇಳತಿದ್ದೆ. ಹಂಗ ಕೇಳಬಾರದಿತ್ತು ಅಂತ ಯಾರಿಗರ ಅನಿಸಿದ್ರ, ಅವರು ತಮ್ಮ ಮಗಳನ್ನ ಹೊರಸಿನ ಮ್ಯಾಲೆ ಒಯ್ದು ಅದ ಹೊರಸಿನ ಮ್ಯಾಲೆ ಹೊಳ್ಳಿ ತರಲಿ, ಆಮ್ಯಾಲೆ ನನಗ ಬುದ್ಧಿ ಹೇಳಲಿ.

ಮುಂದ ಮಾಘದಾಗ ಚುನಾವಣಿ ಬಂತು. ಅರವತ್ತೆರಡನೇ ಇಸವಿ. ಶಿರಸಿಯಾಗ ಅಕ್ಕಿ ಗಿರಣಿ ಇದ್ದ ಶಂಕ್ರಪ್ಪ ಸಾವಕಾರ ನಿಂತಿದ್ದ. ಸಾವಕಾರಗ ಭತ್ತ ಬಾಯಾಗ ಹಾಕ್ಕೊಂಡು ತೇವ ಹೇಳಾಕ ಬರತಿತ್ತು, ಮಂದಿ ಮುಂದ ನಿಂತು ನಾಕು ಮಾತಾಡಾಕ ಬರತಿದ್ದಿಲ್ಲ. ಅದಕ್ಕ ಸಂಗಯ್ಯ ಮಾಸ್ತರನ್ನ ಹಿಡಿದಿದ್ದ. ಮಾಸ್ತರು ಸಾಲಿ ಬಿಟ್ಟು ಪಿಂಚಣಿ ಮ್ಯಾಲಿದ್ರು. ಜಂಗಮರು, ನಾವೆಲ್ಲ ಅಯ್ನೋರ ಅಂತಿದ್ವಿ. ಶ್ರಾವಣದಾಗ ಮಠದಾಗ ಪುರಾಣ ಹೇಳಾವ್ರು ಅವರ. ಅವರು ದನಿ ಇಳಿಸಿದ್ರ ಹೆಂಗಸರು ಸೆರಗು ಕಣ್ಣಿಗೆ ಒಯ್ಯಬೇಕು, ದನಿ ಏರಿಸಿದ್ರ ಗಂಡಸರು ಹರಹರ ಅನ್ನಬೇಕು. ಅಂಥಾ ಗಂಟಲು ದೇವರು ಕೊಟ್ಟಿದ್ದ.

ಒಂದಿನ ನಮ್ಮ ಕಟ್ಟಿಗೆ ಬಂದು ಕುಂತ್ರು. ನೀರು ಕೊಟ್ಟೆ, ಬೆಲ್ಲ ಕೊಟ್ಟೆ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಗುರುಶಾಂತವ್ವ, ನಿನ್ನ ಮಗಳ ಸಾವು ಸುಮ್ಮನ ಹೋಗಬಾರದು" ಅಂದ್ರು.

"ಏನ್ರೀ ಅಯ್ನೋರ, ಹೆಣದ ಮ್ಯಾಲೆ ಓಟು ಕೇಳಾಕ ಬಂದ್ರೇನು?"

"ಓಟು ಅಲ್ಲ ತಾಯಿ, ಸೇತುವೆ ಕೇಳಾಕ ಬಂದೀನಿ. ಸಾವಕಾರ ಆರಿಸಿ ಬಂದ್ರ ಮೊದಲನೇ ಕೆಲಸ ಈ ಹೊಳಿಗೆ ಸೇತುವೆ. ಬರೇ ಸೇತುವೆ ಬೇಕು ಅಂದ್ರ ಮಂದಿ ಆಕಳಿಸತಾರ. ಸೇತುವೆ ಇಲ್ಲದ್ದಕ್ಕ ಯಾವ ಮನಿ ದೀಪ ಆರಿತು ಅಂತ ಹೇಳಿದ್ರ ಕೇಳತಾರ. ನೀ ಹೂಂ ಅಂದ್ರ ಬರೀತೀನಿ, ಇಲ್ಲಂದ್ರ ಇಲ್ಲ."

ನನ್ನ ಮಗಳು ಹೊಳ್ಳಿ ಬರೂದಿಲ್ಲ. ಆದ್ರ ಇನ್ನೊಬ್ಬ ಹಡದಾಕಿ ಆ ದಂಡಿ ಮ್ಯಾಲೆ ನನ್ನಂಗ ನಿಂದರಬಾರದು. ನನಗ ಬೇಕಾಗಿದ್ದು ಅಷ್ಟ. "ಬರೀರಿ, ಆದ್ರ ಇದ್ದದ್ದು ಇದ್ದಂಗ ಬರೀರಿ" ಅಂದೆ. "ಉಡಿ ತುಂಬಾಕ ಹೊತ್ತು ಹೋತು ಅನ್ನೂದು ಬರಬೇಕು. ಜಟ್ಟಪ್ಪ ನೀರಾಗ ನಿಂತಿದ್ದೂ ಬರಬೇಕು."

ಮತ್ತೊಂದಿನ ಬರದು ತಂದು ಓದಿ ತೋರಿಸಿದ್ರು. ಎಲ್ಲಾ ಬರದಿದ್ರು. ಮಳಿ, ಹೊರಸು, ಐದನೇದಾಕಿ, ಕುತ್ತಿಗಿಮಟ ನೀರಾಗ ಅಂಬಿಗ. ನನ್ನ ಎದಿಯಾಗಿಂದು ಕಿತ್ತು ಹಾಳಿ ಮ್ಯಾಲೆ ಇಟ್ಟಂಗಿತ್ತು. ನಾನು ಅತ್ತೆ. ನಾನು ಎಲ್ಲೆಲ್ಲಿ ಅತ್ತೆ, ಅಲ್ಲೆಲ್ಲ ಅಯ್ನೋರು ಪೆನ್ಸಿಲ್‌ಲೆ ಒಂದು ಗೀಟು ಹೊಡಕೊಂಡ್ರು. ಆವಾಗ ನನಗ ಅದು ತಿಳೀಲಿಲ್ಲ. ಬಟ್ಟಿ ಅಂಗಡಿಯಾಂವ ಎಲ್ಲಿ ಕತ್ತರಿಸಬೇಕು ಅಂತ ಗುರುತು ಮಾಡಿಕೊಂಡಂಗ ಮಾಡಿಕೊಂಡ್ರು.

ಭಾಷಣ ಬನವಾಸಿ ಸಂತಿ ದಿನ. ನಮ್ಮೂರಿನ ಮಂದೀನೆಲ್ಲ ದಾಟಿಸಿದಾಂವ ಜಟ್ಟಪ್ಪನ. ಬ್ಯಾಸಿಗಿ ಹತ್ತಿರ ಬಂದಿದ್ರೂ ದೋಣಿ ದಾಟೂ ಕಡವಿನ ಮಡುವಿನ್ಯಾಗ ಇನ್ನೂ ಆಳ ಇತ್ತು. ಸ್ಟೇಜಿಗೆ ಬೇಕಾದ ಹಲಗಿ ಸುದ್ದಾ ನಮ್ಮೂರಿಂದ ಅವನ ದೋಣಿಯಾಗ ಹೋದ್ವು. ಅಂವ ಒಂದೊಂದ ಹೊತ್ತು ಒಯ್ದು ಇಳಿಸಿದ. "ಯವ್ವಾ, ಸೇತುವೆ ಬಂದ್ರ ನನ್ನ ದೋಣಿ ಒಲಿಗೆ ಹಾಕಬೇಕು" ಅಂದ ನಕ್ಕೊಂತ. "ಆದ್ರ ಬರಲಿ. ಆವತ್ತಿನಂಥಾ ದಿನ ಮತ್ತ ನೋಡೂದು ನನಗ ಆಗೂದಿಲ್ಲ." ಹಿಂಗಂದ ಮನಷ್ಯಾನ ಮ್ಯಾಲೆ ಆವತ್ತು ಏನು ಬಿತ್ತು ಕೇಳ್ರಿ.

ನನ್ನನ್ನ ಎಲ್ಲಾರಿಗೂ ಕಾಣೂಹಂಗ ಮುಂದ ಕೂಡಿಸಿದ್ರು. ನಮ್ಮ ಮನ್ಯಾವ್ರು ಗಂಡಸರ ಸಾಲಿನ್ಯಾಗ. ಜಟ್ಟಪ್ಪ ಹಲಗಿ ಹೊತ್ತಿದ್ದ ಟವಲು ಹೆಗಲ ಮ್ಯಾಲೆ ಹಾಕ್ಕೊಂಡು ಸ್ಟೇಜಿನ ಮಗ್ಗಲಾಗ ನಿಂತಿದ್ದ. ಸಾವಕಾರ ಹಾಳಿ ಹಿಡಕೊಂಡು ಎದ್ದ. ಬಾಯಿ ಅವಂದು, ಧಾಟಿ ಅಯ್ನೋರದು. ಎಷ್ಟು ದಿನ ಕೂಡಿಸಿಕೊಂಡು ಕಲಿಸಿದ್ರೋ, ಪುರಾಣ ಕೇಳಿದಂಗ ಇತ್ತು.

"ತಾಯಂದಿರೇ, ಅಣ್ಣತಮ್ಮಂದಿರೇ. ನಾನು ಇವತ್ತು ಓಟು ಕೇಳಲಿಕ್ಕೆ ಬಂದಿಲ್ಲ. ಒಂದು ಮನೆಯ ತೊಟ್ಟಿಲು ಯಾಕೆ ಬರಿದಾಯಿತು ಅಂತ ಕೇಳಲಿಕ್ಕೆ ಬಂದಿದ್ದೇನೆ. ಅಗೋ, ಅಲ್ಲಿ ಕೂತಿದ್ದಾಳೆ ಆ ತಾಯಿ. ಅವಳ ಮುಖ ನೋಡಿ. ಆಮೇಲೆ ನಿಮ್ಮ ಮನೆಯ ಹೆಣ್ಣುಮಕ್ಕಳ ಮುಖ ನೆನಪು ಮಾಡಿಕೊಳ್ಳಿ."

ಸಂತಿ ಗದ್ದಲ ನಿಂತು ಹೋತು. ಮೆಣಸಿನಕಾಯಿ ಮಾರಾವ್ರು ತಕ್ಕಡಿ ಕೆಳಗಿಟ್ರು.

"ಹೊಳೆ ತುಂಬಿತ್ತು, ಹೊಟ್ಟೆ ತುಂಬಿತ್ತು. ಆಚೆ ದಂಡೆಗೆ ಬದುಕು, ಈಚೆ ದಂಡೆಗೆ ಸಾವು. ನಡುವೆ ಒಬ್ಬನೇ ಒಬ್ಬ ಅಂಬಿಗ. 'ಅಂಬಿಗಾ' ಅಂತ ಈ ತಾಯಿ ಕೂಗಿದಳು. ಮೊದಲನೆಯ ಕೂಗಿಗೆ ಅವನು ಬೀಡಿ ಹಚ್ಚಿದ. ಎರಡನೆಯ ಕೂಗಿಗೆ ಕಂಬಳಿ ಹೊದ್ದ. ಮೂರನೆಯ ಕೂಗಿಗೆ ಮಗ್ಗಲು ಬದಲಿಸಿದ. ನಾಲ್ಕನೆಯ ಕೂಗು ಕೂಗಲಿಕ್ಕೆ ಅವಳಿಗೆ ಮಗಳೇ ಉಳಿದಿರಲಿಲ್ಲ!"

ಅಯ್ಯೋ ಶಿವನ, ಆ ಮಂದಿಯ ಉಸಿರು! ಒಂದ ಸಲ ಒಳಗ ಎಳಕೊಂಡ್ರು. ಹೆಂಗಸರು ಗೊಳೋ ಅಂದ್ರು. ಖರೇ ಹೇಳತೀನಿ, ಒಂದು ಗಳಿಗಿ ನನಗೂ ಕಣ್ಣಾಗ ನೀರು ಬಂತು, ಯಾರದೋ ಮಗಳು ಸತ್ತದ್ದು ಕೇಳಿದಂಗ. ಆಮ್ಯಾಲೆ ತಿಳೀತು, ಸತ್ತದ್ದು ನನ್ನ ಮಗಳು, ಬೈಸಿಕೊಳ್ಳಾಕತ್ತಾಂವ ಜಟ್ಟಪ್ಪ.

"ಯಾರ ಅಂಬಿಗ ಅವನು? ಆ ಕಡವಿನ ಲಿಲಾವು ಹಿಡಿದವರು ಯಾರ ಅಳಿಯ? ನಾನು ಹೇಳುವುದಿಲ್ಲ. ನಿಮಗೇ ಗೊತ್ತು" ಅಂದ ಸಾವಕಾರ. ಗೊತ್ತಿಲ್ಲದ ಏನು! ಸರಕಾರದ ಕಡೆಯಿಂದ ದೋಣಿ ಕಡವಿನ ಗುತ್ತಿಗಿ ಲಿಲಾವಿನ್ಯಾಗ ಹಿಡಿದಾಂವ ಎದುರಿಗೆ ನಿಂತ ಉಮೇದವಾರನ ಅಳಿಯ. ಜಟ್ಟಪ್ಪ ಅವನ ಕಡೆ ದುಡಿಯಾಂವ.

ನಾನು ಎದ್ದೆ. "ಸುಳ್ಳು!" ಅಂತ ಒದರಿದೆ. "ಏ ಸಾವಕಾರ, ಬಾಯಾಗ ಹುಳ ಬಿದ್ದಾವು! ಜಟ್ಟಪ್ಪ ನೀರಾಗ ನಿಂತಿದ್ದ. ತಡಾ ಮಾಡಿದಾವ್ರು ನಾವು. ಉಡಿ ತುಂಬ್ಕೊಂತ ನಿಂತಾವ್ರು ನಾವು!"

ಸಾವಕಾರ ಹಾಳಿ ನೋಡಿದ, ಹಾಳಿಯಾಗ ಇದು ಇರಲಿಲ್ಲ. ಸಂಗಯ್ಯ ಅಯ್ನೋರು ಎದ್ದು ಬಂದು ಮೈಕು ತಮ್ಮ ಕಡೆ ಎಳಕೊಂಡ್ರು. ಅವಸರ ಮಾಡಲಿಲ್ಲ. ಎರಡೂ ಕೈ ನನ್ನ ಕಡೆ ಎತ್ತಿ ಮುಗಿದ್ರು, ದನಿ ಇಳಿಸಿದ್ರು.

"ನೋಡಿರಿ. ಹಡೆದ ಕರುಳು ಅಂದರೆ ಇದು. ಮಗಳನ್ನು ನುಂಗಿದವನ ಮೇಲೂ ತಪ್ಪು ಹೊರಿಸಲಾರದು. ತನ್ನ ಮೇಲೇ ತಪ್ಪು ಹೊತ್ತುಕೊಳ್ಳುತ್ತದೆ. ಎಂಥ ದೊಡ್ಡ ಮನಸ್ಸು! ಇಂಥ ತಾಯಿಗೆ ನಾವು ಒಂದು ಸೇತುವೆ ಕೊಡಲಾರೆವೇ?"

ಮುಗೀತು. ಹರಹರ ಅಂತ ಸಂತಿಗೆ ಸಂತಿನ ಎದ್ದು ನಿಂತಿತು. ನಾನು ಒದರೂದು ಒದರಿದೆ, ಯಾರಿಗೆ ಕೇಳಬೇಕು? ಗುರತಿಲ್ಲದ ಹೆಂಗಸರು ಬಂದು ತೆಕ್ಕಿಗೆ ಬಿದ್ರು, ನನ್ನ ಹಣಿಗೆ ಕುಂಕುಮ ಹಚ್ಚಿದ್ರು. ಒಬ್ಬ ಮುದುಕಿ ನನ್ನ ಕಾಲು ಮುಟ್ಟಿದ್ಳು. ನಾನು ಹೆಚ್ಚು ಹೆಚ್ಚು ಬೈದಂಗ ಹೆಚ್ಚು ಹೆಚ್ಚು ಕೈ ಮುಗಿದ್ರು. ಸ್ಟೇಜಿನ ಮಗ್ಗಲಾಗ ನೋಡಿದೆ. ಜಟ್ಟಪ್ಪನ ಸುತ್ತ ಮಂದಿ ಸರದು ಜಾಗ ಬಿಟ್ಟಿತ್ತು. ಅಂವ ಟವಲು ಕೈಯಾಗ ಹಿಡಕೊಂಡು, ಯಾರೋ ಬ್ಯಾರೆಯವರ ಸುದ್ದಿ ಇರಬೇಕು ಅನ್ನೂಹಂಗ ಆಕಡೆ ಈಕಡೆ ನೋಡಾಕತ್ತಿದ್ದ.

ಸ್ಟೇಜಿನ ಹಿಂದ ಅಯ್ನೋರು ಬಶಿಯಾಗ ಚಾ ಹಾಕ್ಕೊಂಡು ಆರಿಸಾಕತ್ತಿದ್ರು. ನಾನು ಹೋಗಿ ಎದುರಿಗೆ ನಿಂತೆ. ಕಾಲು ಮುಟ್ಟಲಿಲ್ಲ.

"ನನಗ ಓದಿ ತೋರಿಸಿದ್ದು ಎಲ್ಲಿ ಹೋತ್ರಿ?"

ಅವರು ಸಿಟ್ಟಾಗಲಿಲ್ಲ. ಸಾಲಿ ಹುಡುಗರಿಗೆ ಲೆಕ್ಕ ಬಿಡಿಸಿ ಹೇಳಿದಂಗ ಹೇಳಿದ್ರು. "ಗುರುಶಾಂತವ್ವ, ಅದನ್ನ ಸಾವಕಾರಗ ಓದಿ ಹೇಳಿದೆ. ಅಂವ ಅತ್ತ, ಆದ್ರ ಸಿಟ್ಟಾಗಲಿಲ್ಲ. ಅತ್ತ ಮಂದಿ ಮನಿಗೆ ಹೋಗಿ ಮಲಗತಾರ. ಸಿಟ್ಟಾದ ಮಂದಿ ಓಟು ಹಾಕಾಕ ಬರತಾರ. ಹೊಳಿ ಮ್ಯಾಲೆ ಯಾರೂ ಸಿಟ್ಟಾಗೂದಿಲ್ಲ. ಸರಕಾರದ ಮುಖ ಯಾರೂ ನೋಡಿಲ್ಲ. ಪದ್ಧತಿ ತಪ್ಪು ಅಂದ್ರ ಕುಂತ ಮಂದಿ ಎದ್ದು ಹೋಗತೈತಿ, ಅವರ ಮನಿಯಾಗೂ ಅದ ಪದ್ಧತಿ ಐತಿ. ಸಿಟ್ಟಿಗೆ ಒಬ್ಬ ಮನಷ್ಯಾ ಬೇಕು."

"ಅದಕ್ಕ ಆ ಬಡವ ಬೇಕಾತೇನು?"

"ನಾನು ಅವನ ಹೆಸರು ಹಾಕಿಲ್ಲ. ಅಂಬಿಗ ಅಂತ ಅಂದೀನಿ ಅಷ್ಟ."

"ನಮ್ಮ ಹೊಳಿಗೆ ಎಷ್ಟು ಮಂದಿ ಅಂಬಿಗ್ರು ಅದಾರ್ರೀ ಅಯ್ನೋರ?"

ಚಾ ಕುಡಿದು ಬಶಿ ಕೆಳಗಿಟ್ರು. "ಚುನಾವಣಿ ಮಾತು ಚುನಾವಣಿಗೆ ಮುಗೀತೈತಿ. ಓಟು ಬಿದ್ದ ಮರುದಿನ ಯಾರು ನೆನಪಿಡತಾರ? ಸೇತುವೆ ಬರಲಿ, ಆಮ್ಯಾಲೆ ಅವಗ ಸಾವಕಾರನ ಗಿರಣಿಯಾಗ ಕೆಲಸ ಕೊಡಿಸತೀನಿ. ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕ?"

ಇಲ್ಲೇ ನೋಡ್ರಿ ಅಯ್ನೋರು ತಪ್ಪಿದ್ದು. ಶಿರಸಿ ಪ್ಯಾಟಿಯಾಗ ಭಾಷಣ ಅಂದ್ರ ಭಾಷಣ, ಕೇಳಿ ಕೈ ತಟ್ಟಿ ಚಾ ಕುಡಿದು ಹೋಗತಾರ. ನಮ್ಮ ಮಂದಿಗೆ ಕುಂತು ಕೇಳಿ ಗೊತ್ತಿದ್ದದ್ದು ಪುರಾಣ ಒಂದ. ಪುರಾಣದ ನಡುವ ಎದ್ದು "ಇದು ಹಿಂಗಲ್ಲ" ಅಂತ ಯಾರರ ಅಂತಾರೇನು? ಜಂಗಮನ ಬಾಯಿಂದ, ಅದ ಧಾಟಿಯಾಗ, ಕೈ ಮುಗಿದು ಹೇಳಿದ ಮಾತು ಸುಳ್ಳಾದೀತೇನು? ಭಾಷಣ ಆಗಿದ್ರ ಮರೀತಿದ್ರು. ಪುರಾಣ ಆತು, ಅದಕ್ಕ ಬಾಯಿಪಾಠ ಆತು.

ಹೊಳ್ಳಿ ಬರುವಾಗ ಜಟ್ಟಪ್ಪನ ದೋಣಿಗೆ ಯಾರೂ ಹತ್ತಲಿಲ್ಲ. ಕೆಳಗ ಸುತ್ತು ಹಾಕಿ, ನೀರು ಕಮ್ಮಿ ಇದ್ದಲ್ಲಿ ಸೀರಿ ಧೋತ್ರ ಎತ್ತಿಕೊಂಡು ದಾಟಿದ್ರು. ಮುಂಜಾನಿ ಅದ ದೋಣಿಯಾಗ ಕಾಲು ಚಾಚಿ ಕುಂತು ಬಂದ ಮಂದಿ! ನಮ್ಮ ಮನ್ಯಾವ್ರೂ ಅವರ ಕೂಡ ಹೋದ್ರು. ನಾನೊಬ್ಬಾಕಿ ಹತ್ತಿದೆ. ಜಟ್ಟಪ್ಪ ನಡು ಹೊಳಿತನಕ ಹುಟ್ಟು ಹಾಕಿದ. ಆಮ್ಯಾಲೆ, "ಯವ್ವಾ, ನಾ ಬೀಡಿ ಸೇದೂದಿಲ್ಲಲ್ಲ" ಅಂದ.

"ಗೊತ್ತೈತಿ ತಮ್ಮಾ" ಅಂದೆ.

ಸಾವಕಾರ ಆರಿಸಿ ಬಂದ. ಗುಲಾಲು ಹಾರಿಸಿದ್ರು, ಜೀಪಿನ್ಯಾಗ ನಿಂತು ಕೈ ಮುಗಿದುಕೊಂತ ಹೋದ. ನಮ್ಮೂರಿನ ಓಟು ಒಂದೂ ಆಚೀಚೆ ಆಗಿರಲಿಲ್ಲಂತ.

ಈಗ ನಮ್ಮ ಮನಿ ಸುದ್ದಿ ಹೇಳತೀನಿ. ಭಾಷಣ ಕೇಳಿ ಬಂದ ರಾತ್ರಿ ನಮ್ಮ ಮನ್ಯಾವ್ರು ಗೊರಕಿ ಹೊಡದು ನಿದ್ದಿ ಮಾಡಿದ್ರು. ಆಷಾಢದಿಂದ ಇಲ್ಲದ ನಿದ್ದಿ. ಮರುದಿನ ಎರಡು ರೊಟ್ಟಿ ಉಂಡು ಮತ್ತೊಂದು ಕೇಳಿದ್ರು. ದಣಿದಿದ್ರು, ಇರಲಿ ಅಂದುಕೊಂಡೆ. ಹಂಗ ಕೆಲವು ದಿನ ಹೋದ ಮ್ಯಾಲೆ, ಉಣ್ಣಾಕತ್ತಾಗ, ನಾನು ಏನೂ ಕೇಳದನ, "ಆ ಜಟ್ಟಪ್ಪ ಒಂದೀಟು ಲಗೂ ದೋಣಿ ತಂದಿದ್ರ ಶಾರದಾ ಉಳೀತಿದ್ಳು ನೋಡು" ಅಂದ್ರು.

ನಾನು ರೊಟ್ಟಿ ಬುಟ್ಟಿ ಕೆಳಗಿಟ್ಟೆ. "ಏನಂದ್ರಿ?"

"ಖರೇನ ಅಲ್ಲೇನು? ಅಂವ ತಡಾ ಮಾಡಿದ."

"ನೀವು ಅಲ್ಲೇ ಇದ್ರಿ. ಕಣ್ಣಿಲೆ ನೋಡೀರಿ. ಅಂವ ನೀರಾಗ ನಿಂತು ಲಗೂ ಮಾಡ್ರಿ ಅಂತ ಒದರಾಕತ್ತಿದ್ದ!"

"ಮಳಿ ಇತ್ತು. ಅಂವ ಬಂದದ್ದು ಆಮ್ಯಾಲೆ. ನೀ ಅಳಾಕತ್ತಿದ್ದಿ, ನಿನಗೇನು ನೆನಪೈತಿ?"

ನಾನು ಅವರ ಮುಖ ನೋಡಿದೆ. ಸುಳ್ಳು ಹೇಳುವಾಗ ನಮ್ಮ ಮನ್ಯಾವ್ರು ಕಿವಿ ತುರಿಸಿಕೊಳ್ಳತಾರ, ನನಗ ಗೊತ್ತು. ಆವತ್ತು ತುರಿಸಿಕೊಳ್ಳಲಿಲ್ಲ. ಸುಳ್ಳು ಹೇಳಿದ್ರ ಜಗಳಾಡಬಹುದಿತ್ತು. ಅವರು ನಂಬಿದ್ರು! ಮಗಳ ಹೆಣಾ ಎದಿ ಮ್ಯಾಲೆ ಹೊತ್ತುಕೊಂಡು ಉಸಿರುಗಟ್ಟಿದ್ದ ಮನಷ್ಯಾಗ ಅಯ್ನೋರು ಒಂದು ಜಾಗ ತೋರಿಸಿದ್ರು, "ಇಲ್ಲಿ ಇಳಿಸು" ಅಂತ. ಇಳಿಸಿಬಿಟ್ರು. ನನಗ ಆವತ್ತು ಬಂದಷ್ಟು ಹೆದರಿಕಿ ಮಗಳು ಸತ್ತಾಗೂ ಬಂದಿರಲಿಲ್ಲ.

ಉಡಿ ತುಂಬಿದ ಆ ಹೆಂಗಸರ ಕಡೆ ಹೋದೆ. ಒಬ್ಬೊಬ್ಬರ ಮನಿಗೂ ಹೋದೆ. "ನೀವರ ಹೇಳ್ರೆವ್ವಾ, ಜಟ್ಟಪ್ಪ ಎಲ್ಲಿ ನಿಂತಿದ್ದ?" ಒಬ್ಬಾಕಿ ಬೀಸೂ ಕಲ್ಲು ನಿಲ್ಲಿಸಲಿಲ್ಲ. ಒಬ್ಬಾಕಿ "ನಮಗ ಕಾಯಿ, ಕುಂಕುಮದ ಕಡೆ ಲಕ್ಷ್ಯ ಇತ್ತು, ನೆನಪಿಲ್ಲ" ಅಂದ್ಳು. ನಟ್ಟಿಯಿಂದ ಬಂದಾಕಿ ಅತ್ಳು. ಅತ್ತು, "ಬೆಂಕಿ ಇಲ್ಲದ ಹೊಗಿ ಆಡತೈತೇನು ಗುರುಶಾಂತವ್ವ" ಅಂದ್ಳು. ಜಟ್ಟಪ್ಪ ತಡಾ ಮಾಡಿಲ್ಲ ಅಂದ್ರ ತಾನು ತಡಾ ಮಾಡಿದೆ ಅನ್ನಬೇಕಲ್ಲ, ಅದನ್ನ ಯಾರು ಅಂತಾರ?

ಶಿವರಾತ್ರಿ ಕಳಿದ ಮ್ಯಾಲೆ ಜಟ್ಟಪ್ಪ ಚೀಲ ಹಿಡಕೊಂಡು ಆಯಕ್ಕ ಬಂದ. ಅವನ ಪಾಲಿನ ಭತ್ತ, ವರ್ಷದ ಕೂಳು. ಒಂದು ಮನಿಯಾಗ ಬಾಗಲಾ ಹಾಕಿದ್ರು. ಒಂದು ಮನಿಯಾಗ ಹೊರಗ ಬಂದು, "ಕೂಗು, ಒಂದು ಸಲ ಕೂಗು, ಎರಡು ಸಲ ಕೂಗು, ಮೂರನೇ ಕೂಗಿಗೆ ಮಗ್ಗಲಾ ಬದಲಿಸತೀವಿ" ಅಂದ್ರು. ಕಟ್ಟಿ ಮ್ಯಾಲೆ ಕುಂತವರೆಲ್ಲ ನಕ್ರು. ಅಂವ ಚೀಲ ಮಡಚಿಕೊಂಡು ಮುಂದಿನ ಮನಿಗೆ ಹೋದ. ಅಲ್ಲೂ ಅದ. ನಾನು ನಮ್ಮ ಕಣಜದಾಗಿಂದು ತುಂಬಿ ಕೊಡಾಕ ಹೋದ್ರ ನಮ್ಮ ಮನ್ಯಾವ್ರು ಚೀಲಾ ಕಸಗೊಂಡ್ರು. "ನನ್ನ ಮಗಳನ್ನ ತಿಂದಾವಗ ನನ್ನ ಭತ್ತಾನೂ ಕೊಡತಿಯೇನು?" ಅಂದ್ರು. ನಾನು ಆವತ್ತು ಬೈದ ಬೈಗಳ ಇಲ್ಲಿ ಹೇಳೂವಂಥಾವಲ್ಲ. ಊರೆಲ್ಲ ನಿಂತು ಕೇಳಿತು. ಕೇಳಿ, "ಪಾಪ, ಎಂಥಾ ದೊಡ್ಡ ಮನಸ್ಸಿನಾಕಿ" ಅಂದ್ರು.

ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು ಅಂತಾರಲ್ಲ. ಈ ಮಾತು ಊರ ಕೆಡಿಸ್ತು. ಜಟ್ಟಪ್ಪನ ಹೆಂಡತೀನ ಬಾವಿಯಾಗ ನೀರು ಸೇದುವಾಗ ದೂರ ನಿಲ್ಲಿಸಿದ್ರು. ಹುಡುಗರು ಅವನ ಹಿಂದ ಹಿಂದ "ಬೀಡಿ ಹಚ್ಚಿದ, ಕಂಬಳಿ ಹೊದ್ದ" ಅಂತ ಓಡತಿದ್ವು. ನಾನು ಕಟಗಿ ಹಿಡಕೊಂಡು ಅವನ್ನ ಅಟ್ಟಿಸಿಕೊಂಡು ಹೋಗೂದು ಒಂದು ಆಟ ಆತು ಅವಕ್ಕ. ಶಿರಸಿಗೆ ಹೋಗಿ ಸಾವಕಾರನ ಗಿರಣಿ ಮುಂದ ಕುಂತೆ, ಬೆಂಗಳೂರಿಗೆ ಹೋಗ್ಯಾರ ಅಂದ್ರು. ಅಯ್ನೋರ ಮನಿಗೆ ಹೋದೆ. "ಸೇತುವೆ ಕಾಗದ ಮ್ಯಾಲೆ ಹೋಗೈತಿ, ತಡಕೋ" ಅಂದ್ರು. ಅಳತಿ ಮಾಡಾಕ ಒಬ್ಬ ಮನಷ್ಯಾ ಸುದ್ದಾ ಹೊಳಿಗೆ ಬರಲಿಲ್ಲ.

ಆಷಾಢದ ಮಳಿ ಹಿಡೀತು. ಒಂದು ಸಂಜೀಕ ಜಟ್ಟಪ್ಪ ನಮ್ಮ ಹಿತ್ತಲ ಬಾಗಲಿಗೆ ಬಂದ. ಒಳಗ ಬಾ ಅಂದ್ರ ಬರಲಿಲ್ಲ, ಸೂರಿನ ಕೆಳಗ ಕುಂತ. ಎಲುಬು ಚರ್ಮ ಆಗಿದ್ದ. ಅಂಗೈ ತಿಕ್ಕೊಂತ, "ಯವ್ವಾ, ಒಂದು ಮಾತು ಖರೇ ಹೇಳತಿಯೇನು?" ಅಂದ.

"ಕೇಳೋ ತಮ್ಮಾ."

"ಆವತ್ತು ನಾ ಲಗೂ ಬಂದಿದ್ನೇನು?"

"ಏನಂತಿ? ನಾವು ಬರೂಕಿಂತ ಮೊದಲ ನಿಂತಿದ್ದಿ."

"ಹಂಗ ಅಂದುಕೊಂಡಿದ್ದೆ. ಈಗ ರಾತ್ರಿ ಮಲಗಿದ್ರ ನೀ ಕೂಗಿದ್ದು ಕೇಳತೈತಿ. ಚಳಿ ಇತ್ತಲ್ಲವ್ವಾ ಆವತ್ತು, ಕಂಬಳಿ ಹೊದ್ದಿದ್ನೇನೋ. ಒಂದು ಕೂಗು ನನಗ ಕೇಳಿಸಲಿಲ್ಲೇನೋ. ಇಷ್ಟು ಮಂದಿ ಅಂತಾರ. ಅಯ್ನೋರು ಸುದ್ದಾ ಅಂದ್ರು. ಇಷ್ಟು ಮಂದಿ ಸುಳ್ಳು ಆಡತಾರೇನು?"

ನಾನು ಅವನ ಎರಡೂ ಭುಜ ಹಿಡಿದು ಅಲುಗಾಡಿಸಿದೆ. "ಏ ಹುಚ್ಚಾ! ನಾನು ಕೂಗಲೇ ಇಲ್ಲ! ಕೂಗೂ ಪ್ರಸಂಗ ಎಲ್ಲಿತ್ತು, ನೀ ಕಣ್ಣೆದುರಿಗೆ ನಿಂತಿದ್ದಿ. ಉಣ್ಣೂದು ಬಿಟ್ಟು ಬಂದಿದ್ದಿ, ಎದಿಮಟ ನೀರಾಗ ಇಳಿದಿದ್ದಿ. ನನ್ನ ಶಾರದಾನ ಆಣಿ ಮಾಡಿ ಹೇಳತೀನಿ, ನಿಂದು ತಪ್ಪಿಲ್ಲ, ತಪ್ಪಿಲ್ಲ, ತಪ್ಪಿಲ್ಲ!"

ಅಂವ ನನ್ನ ಮುಖ ನೋಡಿದ. ಕೂಸಿಗೆ ಸಮಾಧಾನ ಮಾಡಿದ್ರ ಅದು ನೋಡತೈತಲ್ಲ, ಹಂಗ. ಆಮ್ಯಾಲೆ ಬಾಗಿ ನನ್ನ ಕಾಲು ಮುಟ್ಟಿ, "ನಿನ್ನ ಮನಸ್ಸು ದೊಡ್ಡದವ್ವಾ" ಅಂದ. ಮಳಿಯಾಗ ಇಳಿದು ಹೋದ. ನಾನು ಹಿಂದಿಂದ ಎಷ್ಟು ಬೈದ್ರೂ ಹೊಳ್ಳಿ ನೋಡಲಿಲ್ಲ.

ಮರುದಿನ ಅವನ ಗುಡಿಸಲು ಖಾಲಿ. ಹೆಂಡತಿ, ಮಕ್ಕಳು, ಮಡಿಕಿ, ಏನೂ ಇಲ್ಲ. ದೋಣಿ ಬನವಾಸಿ ಕಡೆ ದಂಡಿ ಮ್ಯಾಲೆ ಬೋರಲು ಹಾಕಿತ್ತು. ಯಲ್ಲಾಪುರ ಸೀಮಿಯಾಗ, ಇಡಗುಂದಿ ಕಡೆ ಅಡವಿಯಾಗ ಕಟಗಿ ಕಡಿಯಾಕ ಹತ್ಯಾನಂತ ಒಬ್ಬರು ಅಂದ್ರು. ಕಡವಿನ ಲಿಲಾವು ಹಿಡಿದಾಂವ ಬ್ಯಾರೆ ಅಂಬಿಗನ್ನ ಹುಡುಕಿದ. ಒಬ್ಬನೂ ಬರಲಿಲ್ಲ. ಹೊಳಿಗುಂಟ ಇದ್ದ ಅಂಬಿಗರ ಮನಿಗೆಲ್ಲ ಆ ಭಾಷಣ ಮುಟ್ಟಿತ್ತು.

ಶ್ರಾವಣದಾಗ ನಮ್ಮೂರ ಕೆರಿಯಪ್ಪನ ಸೊಸಿ ರಾಜೀವಿಗೆ ಬ್ಯಾನಿ ಎದ್ದಿತು. ಎಳೇ ಹುಡುಗಿ, ನಮ್ಮ ಶಾರದಾನ ಓರಗಿ. ಮುಂಜಾನಿಂದ ತಿಣುಕಿದ್ಳು, ಕೂಸು ಇಳೀಲಿಲ್ಲ. ಸೂಲಗಿತ್ತಿ ಅದ ಮಾತು ಅಂದ್ಳು, ಶಿರಸಿಗೆ ಒಯ್ಯರಿ. ಹೊರಸಿನ ಮ್ಯಾಲೆ ಹಾಕ್ಕೊಂಡು ಓಡಿದ್ರು. ಉಡಿ ಅನ್ನಲಿಲ್ಲ, ಮುತ್ತೈದೇರನ್ನ ಕರೀಲಿಲ್ಲ, ಒಂದು ಗಳಿಗಿನೂ ತಡಾ ಮಾಡಲಿಲ್ಲ. ದಂಡಿಗೆ ಹೋಗಿ ಹೊರಸು ಇಳಿಸಿದ್ರು. ಎದುರಿಗೆ ಕೆಂಪು ನೀರು. ಆಚೆ ದಂಡಿ ಮ್ಯಾಲೆ ಬೋರಲು ಬಿದ್ದ ದೋಣಿ. ಈಸಿ ಹೋಗಿ ತರತೀನಿ ಅಂತ ಇಬ್ಬರು ಇಳಿದ್ರು, ಸೆಳವು ನೋಡಿ ಹೊಳ್ಳಿ ಬಂದ್ರು. ತಂದ್ರೂ ಆ ನೀರಾಗ ಹುಟ್ಟು ಹಾಕಾಕ ಬರಾಂವ ಯಾರಿದ್ದ?

ನಮ್ಮ ಮನ್ಯಾವ್ರು ಮೊಣಕಾಲುಮಟ ನೀರಾಗ ಹೋಗಿ ನಿಂತ್ರು. ಎರಡೂ ಕೈ ಬಾಯಿಗೆ ಹಿಡಕೊಂಡು "ಜಟ್ಟಪ್ಪಾ! ಏ ಜಟ್ಟಪ್ಪಾ!" ಅಂತ ಕೂಗಿದ್ರು. ಅಂವ ಇಲ್ಲ ಅಂತ ಅವರಿಗೆ ಗೊತ್ತಿತ್ತು, ಎಲ್ಲಾರಿಗೂ ಗೊತ್ತಿತ್ತು. ಆದ್ರೂ ಕೂಗಿದ್ರು. ಅವರನ್ನ ನೋಡಿ ಕೆರಿಯಪ್ಪ ಕೂಗಿದ, ಹೆಂಗಸರು ಕೂಗಿದ್ರು, ಬಾಗಲಾ ಹಾಕಿದ ಮನಿಯವ್ರು, ಕಟ್ಟಿ ಮ್ಯಾಲೆ ಕುಂತು ನಕ್ಕಾವ್ರು, ಊರಿಗೆ ಊರ ನಿಂತು ಕೂಗಿತು. ನಾನು ರಾಜೀವಿ ತಲಿ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದೆ. ನಾನೊಬ್ಬಾಕಿ ಕೂಗಲಿಲ್ಲ. ಯಾವ ಬಾಯಿಲೆ ಕರೀಲಿ ಅವನ್ನ?

ಹೊತ್ತು ಮುಳುಗೂದರಾಗ ರಾಜೀವಿ ಹೋದ್ಳು.

ಆಕಿ ಸುದ್ದಿ ಕೇಳಾಕ ಯಾರೂ ಬರಲಿಲ್ಲ. ಚುನಾವಣಿ ಇನ್ನೂ ದೂರ ಇತ್ತಲ್ರಿ.